ಹಸಿ ಹುಲ್ಲು, ಎತ್ತಿದ ಕೋಲು

"ಎಲ್ಲಾ ಮಾಯೆ ಮಾರಾಯ" ಎನ್ನುವ ಮಾತು ನಮ್ಮ ಮಲೆನಾಡಿನಲ್ಲಿ ಜಾಸ್ತಿ ಕಿವಿಗೆ ಬೀಳುವುದು ವೈಕುಂಠ ಸಮಾರಾಧನೆಯ ಊಟದ ಪಂಕ್ತಿಯಲ್ಲಿ. ಹೇಳಿದವರೇ ಕೈ ತೊಳೆದು ಬಂದು, ಕವಳ ಬಾಯಿಗಿಟ್ಟು, "ರಾಶಿ ಅಡಿಕೆ ಎಷ್ಟಕ್ಕೆ ಕೊಟ್ರಿ?" ಎಂದು ಕೇಳುತ್ತಾರೆ. ತಪ್ಪೇನಿಲ್ಲ, ನಾನೂ ಕೇಳುತ್ತೇನೆ. ಆದರೆ ಈ ಉದಾಸೀನದ ಮಾತನ್ನು ಶಂಕರಾಚಾರ್ಯರ ತಲೆಗೆ ಕಟ್ಟುತ್ತಾರಲ್ಲ, ಅದು ನನಗೆ ಸರಿ ಕಾಣುವುದಿಲ್ಲ.

ಅಜ್ಜನ ಪೆಟ್ಟಿಗೆಯಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯದ ಪುಸ್ತಕಗಳಿವೆ. 1920ರಲ್ಲಿ ಆ ಸಂಸ್ಥೆ ಶುರು ಮಾಡಿದ, ಆಮೇಲೆ ಹೊಳೆನರಸೀಪುರದಲ್ಲಿ ನೆಲೆ ನಿಂತ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತಂದವರು. ಹೊರಗೆ ಕಾಲಿಡಲಾಗದ ಮಳೆಗಾಲದಲ್ಲಿ ನಾನು ತೆಗೆಯುವುದು ಬ್ರಹ್ಮಸೂತ್ರ ಭಾಷ್ಯದ ಪೀಠಿಕೆಯನ್ನು. ಕೆಲವೇ ಪುಟ. ಅದರಲ್ಲಿ 'ಜಗತ್ತು ಸುಳ್ಳು, ಬಿಟ್ಟು ನಡೆ' ಎಂಬ ಉಪದೇಶವಿಲ್ಲ. ದನ ಇದೆ!

ಕೋಲೆತ್ತಿ ಬರುವವನನ್ನು ಕಂಡರೆ ದನ ಹೊಡೆಯುತ್ತಾನೆಂದು ಓಡುತ್ತದೆ. ಕೈತುಂಬ ಹಸಿ ಹುಲ್ಲು ಹಿಡಿದವನನ್ನು ಕಂಡರೆ ಹತ್ತಿರ ಬರುತ್ತದೆ. ತಿಳಿದವರು ಎನಿಸಿಕೊಂಡ ಮನುಷ್ಯರೂ ಹಾಗೆಯೇ, ಕತ್ತಿ ಹಿರಿದು ಕೂಗುತ್ತ ಬಂದವನಿಂದ ದೂರ ಸರಿಯುತ್ತಾರೆ ಎನ್ನುತ್ತಾರೆ ಶಂಕರರು. ವ್ಯವಹಾರದ ಮಟ್ಟಿಗೆ ಪಂಡಿತನಿಗೂ ದನಕ್ಕೂ ವ್ಯತ್ಯಾಸವಿಲ್ಲ. ಅದ್ವೈತದ ಬಾಗಿಲಲ್ಲೇ ಕೊಟ್ಟಿಗೆ ಕಟ್ಟಿದ್ದಾರೆ ಪುಣ್ಯಾತ್ಮರು. ನಮ್ಮನೆ ಗೌರಿ ನನ್ನ ಕೈಯಲ್ಲಿ ಏನಿದೆ ಎಂದು ನೋಡಿಯೇ ಮುಖ ತಿರುಗಿಸುವವಳು. ಬ್ಯಾಂಕಿನ ಕಾಗದ ಬಂದಾಗ ನಾನೂ ಅಷ್ಟೇ.

ಇದಕ್ಕೆಲ್ಲ ಮೂಲ ಅಧ್ಯಾಸ ಎನ್ನುತ್ತಾರೆ. ಒಂದರ ಗುಣವನ್ನು ಇನ್ನೊಂದಕ್ಕೆ ಅಂಟಿಸುವುದು. ಮೈ ದಪ್ಪಗಿದ್ದರೆ 'ನಾನು ದಪ್ಪ'. ಕಣ್ಣು ಹೋದರೆ 'ನಾನು ಕುರುಡ'. ಹೆಂಡತಿ ಮಕ್ಕಳು ಸುಖವಾಗಿದ್ದರೆ ನಾನು ಸುಖಿ, ಇಲ್ಲದಿದ್ದರೆ ಇಲ್ಲ. ಉದಾಹರಣೆಗಳು ಅವರವೇ. ನಾನು ಸೇರಿಸುವುದು ಇಷ್ಟು: ಎಲೆಚುಕ್ಕೆ ರೋಗ ಬಂದದ್ದು ಅಡಿಕೆ ಮರಕ್ಕೆ, ಬಾಡಿದ್ದು ನಾನು. ಆ ವರ್ಷ ಸೋಗೆ ಒಣಗುತ್ತ ಬಂದ ಹಾಗೆ ಊಟ ಸೇರುತ್ತಿರಲಿಲ್ಲ. ಮದುವೆ ಮನೆಗೆ ಹೋಗಲು ನಾಚಿಕೆ. ಮರಕ್ಕೆ ರೋಗ ಬಂದರೆ ಮನುಷ್ಯನಿಗೆ ಯಾಕೆ ನಾಚಿಕೆ? ಅಂಟು ಅಂದರೆ ಇದೇ ಅಲ್ವಾ.

ಹಾಗಂತ ಮರದ ರೋಗ ಸುಳ್ಳಲ್ಲ. ಔಷಧಿ ಹೊಡೆಸಲೇಬೇಕು. ಶಂಕರರೂ ಬೇಡ ಎನ್ನುವುದಿಲ್ಲ. ಲೋಕದ ಕೆಲಸ ಹಾಗಿರಲಿ, ಶಾಸ್ತ್ರ ಓದುವುದೂ ಈ ಅಂಟಿನ ಒಳಗೇ ನಡೆಯುವ ವ್ಯವಹಾರ ಎಂದು ಬರೆದುಬಿಡುತ್ತಾರೆ. ತಾವು ಕೂತ ಮಣೆಯನ್ನೂ ಲೆಕ್ಕಕ್ಕೆ ಸೇರಿಸಿದ ಈ ಧೈರ್ಯ ನನಗೆ ಬಲು ಇಷ್ಟ. 'ನಾನು ಅಹಂಕಾರ ಬಿಟ್ಟೆ' ಎಂದು ವೇದಿಕೆ ಮೇಲೆ ಹೇಳುವವರು ಆ ಸಾಲನ್ನು ಒಮ್ಮೆ ಓದಬೇಕು.

ನಾನು ಸಿಕ್ಕಿಬೀಳುವುದು ನಿದ್ದೆಯ ವಿಚಾರದಲ್ಲಿ. ಹೊಳೆನರಸೀಪುರದ ಸ್ವಾಮಿಗಳು ಎಚ್ಚರ, ಕನಸು, ಗಾಢನಿದ್ದೆ ಮೂರನ್ನೂ ಸಮನಾಗಿ ಇಟ್ಟುಕೊಂಡು ನೋಡಿ ಎನ್ನುತ್ತಾರೆ. ಗಾಢನಿದ್ದೆಯಲ್ಲಿ ತೋಟವಿಲ್ಲ, ಸಾಲವಿಲ್ಲ, ನನ್ನ ಹೆಸರೂ ಇಲ್ಲ. ಬೆಳಿಗ್ಗೆ ಎದ್ದು 'ಸುಖವಾಗಿ ಮಲಗಿದ್ದೆ' ಎನ್ನುತ್ತೇನೆ. ಏನೂ ಇಲ್ಲದ ಕಡೆ ಸುಖ ಯಾರದ್ದು? ಇಲ್ಲಿಗೆ ಬಂದಾಗಲೆಲ್ಲ ಪುಸ್ತಕ ಮಡಚಿ ಸುಮ್ನೆ ಕೂರುತ್ತೇನೆ.

ನನ್ನ ಹೆಂಡತಿ ಉಡುಪಿ ಕಡೆಯ ಮಾಧ್ವರ ಮನೆಯವಳು. ಜಗತ್ತು ಸತ್ಯ, ಭೇದ ಸತ್ಯ ಎಂದು ಕೇಳುತ್ತಲೇ ಬೆಳೆದವಳು. ನಿದ್ದೆಯ ಪ್ರಶ್ನೆಯನ್ನು ಅವಳ ಮುಂದಿಟ್ಟೆ. "ನಿಮಗೆ ತೋಟ ಇರಲಿಲ್ಲ ಸರಿ. ರಾತ್ರಿಯಿಡೀ ನಿಮ್ಮ ಗೊರಕೆ ಕೇಳ್ತಾ ನಾನು ಎದ್ದಿದ್ದೆನಲ್ಲ, ನನಗೆ ಇತ್ತು" ಎಂದಳು. ಆಚಾರ್ಯ ಮಧ್ವರು ಇದನ್ನು ಇನ್ನೂ ಗಂಭೀರವಾಗಿ ಹೇಳಿಯಾರು, ಆದರೆ ಇಷ್ಟು ಚುಟುಕಾಗಿ ಅಲ್ಲ. ಉತ್ತರ ಹುಡುಕುತ್ತಿದ್ದೇನೆ.