ಮುನ್ನೂರ ಅರವತ್ಮೂರು

14 ನವೆಂಬರ್ 2025, ಶುಕ್ರವಾರ

ನಿದ್ದೆ ಬರ್ತಿಲ್ಲ. ಬೆಳಿಗ್ಗೆ ಬಂದು ಮಲಗಿದೆ, ಎದ್ದೆ, ಮತ್ತೆ ಮಲಗಿದೆ. ಕಣ್ಣು ಮುಚ್ಚಿದರೆ ಆ ಮೂರು ಅಂಕಿ. 363.

ರಾತ್ರಿ ಏರ್ ಟ್ರಾಫಿಕ್ ಕಂಟ್ರೋಲ್ ಡ್ಯೂಟಿ. ಟ್ರಾಫಿಕ್ ಜಾಸ್ತಿ ಏನೂ ಇರಲಿಲ್ಲ. ನನ್ನ ಸೆಕ್ಟರ್‌ನಲ್ಲಿ, ಅಂದರೆ ನಾನು ನೋಡಿಕೊಳ್ಳುವ ಆಕಾಶದ ಭಾಗದಲ್ಲಿ, ಆರೇಳು ವಿಮಾನ, ಅಷ್ಟೇ. ಪೂರ್ವಕ್ಕೆ ಹೋಗುತ್ತಿದ್ದ ಒಂದು 350ರಲ್ಲಿತ್ತು, ಅಂದರೆ 35,000 ಅಡಿ. ತುಂಬಾ ಕುಲುಕಾಟ, 370 ಸಿಗುತ್ತಾ ಎಂದು ಪೈಲಟ್ ಕೇಳಿದ. ನನ್ನ ಕಡೆ 370 ಖಾಲಿ ಇತ್ತು. ಕೊಟ್ಟೆ. ಅವನು ತಿರುಗಿ ಹೇಳಿದ, ಸರಿಯಾಗಿಯೇ ಹೇಳಿದ. ಆ ವಿಮಾನದ ವಿವರ ಇರುವ ಕಾಗದದ ಪಟ್ಟಿ, ಅದೇ ಸ್ಟ್ರಿಪ್, ಅದರ ಮೇಲೆ 350 ಹೊಡೆದುಹಾಕಿ 370 ಬರೆದೆ. ಅಷ್ಟರಲ್ಲಿ ಇನ್ನೊಬ್ಬ ಮಳೆ ಮೋಡ ತಪ್ಪಿಸಲು ಎಡಕ್ಕೆ 20 ಮೈಲಿ ಬೇಕು ಎಂದ. ಅವನ ಕಡೆ ತಿರುಗಿದೆ.

ಆಗ ಹಾಟ್‌ಲೈನ್ ಬಡಿದುಕೊಂಡಿತು. ಪಕ್ಕದ ಸೆಕ್ಟರ್.

"ನಿನ್ನ ವಿಮಾನ ನನಗೆ 363 ತೋರಿಸ್ತಿದೆ. 350 ಅಂತ ಕೊಟ್ಟಿದ್ದೆ ಅಲ್ವಾ?"

ಗಡಿ ದಾಟುವ ಸಮಯ, ಎತ್ತರ ಎಲ್ಲವನ್ನೂ ಕಂಪ್ಯೂಟರ್ ಮೊದಲೇ ಕಳಿಸಿಬಿಟ್ಟಿರುತ್ತದೆ. ಗಡಿ ಹತ್ತಿರ ಬಂದ ಮೇಲೆ ಏನಾದರೂ ಬದಲಾದರೆ ಮಾತ್ರ ಬಾಯಲ್ಲೇ ಹೇಳಬೇಕು. ನಾನು ಹೇಳಿರಲಿಲ್ಲ.

"370ಕ್ಕೆ ಏರಿಸಿದ್ದೀನಿ," ಎಂದೆ.

"370ರಲ್ಲಿ ನನ್ನ ಹತ್ರ ಒಂದಿದೆ, ಅಡ್ಡ ಬರುತ್ತೆ. 350ಕ್ಕೇ ವಾಪಸ್ ಕೊಡ್ತೀಯಾ?"

"350ಕ್ಕೇ ವಾಪಸ್," ಎಂದೆ. "ಸರಿ," ಎಂದು ಅವಳು ಇಟ್ಟಳು. ಪೈಲಟ್‌ಗೆ ಹೇಳಿದೆ. ಕಾರಣ ಕೇಳದೆ ಇಳಿದ. ಮತ್ತೆ ಅದೇ ಕುಲುಕಾಟಕ್ಕೆ. ಒಳಗೆ ಕೂತಿದ್ದವರ ನೆನಪಾಗಿ ಬೇಜಾರಾಯಿತು.

ಏನೂ ಆಗಲಿಲ್ಲ. ಇದನ್ನು ಮೊದಲೇ ಹೇಳಬೇಕಿತ್ತು. ಎರಡೂ ಇನ್ನೂ 40 ಮೈಲಿಗಿಂತ ದೂರ ಇದ್ದವು. ನಮಗೆ ಅಷ್ಟು ಎತ್ತರದಲ್ಲಿ ರೇಡಾರ್ ಮೇಲೆ ಬೇಕಾದದ್ದು 5 ನಾಟಿಕಲ್ ಮೈಲಿ, ಇಲ್ಲವೇ ಮೇಲೆ ಕೆಳಗೆ 1,000 ಅಡಿ. ಎರಡರಲ್ಲಿ ಒಂದು ಇದ್ದರೆ ಸಾಕು. ಆದರೆ ಎದುರುಬದುರಾಗಿ ಬರುವ ಎರಡು ಜೆಟ್‌ಗಳ ನಡುವಿನ ದೂರ ನಿಮಿಷಕ್ಕೆ ಸುಮಾರು 16 ಮೈಲಿ ಕರಗುತ್ತದೆ. ಆ 5 ಮೈಲಿ ಅಂದರೆ 20 ಸೆಕೆಂಡೂ ಇಲ್ಲ. ನಿನ್ನೆಯದು ಎದುರುಬದುರು ಅಲ್ಲ, ಅಡ್ಡ ಬರುವಂಥದ್ದು. ಲೆಕ್ಕ ಹಾಕಿ ಸಮಾಧಾನ ಮಾಡಿಕೊಳ್ಳುತ್ತಿದ್ದೀನಿ. ಆಗ್ತಿಲ್ಲ.

ಟ್ರೇನಿಂಗ್ ದಿನಗಳಲ್ಲಿ ಮೇಷ್ಟ್ರು ನನ್ನ ಕುರ್ಚಿಯ ಹಿಂದೆ ನಿಂತಿರುತ್ತಿದ್ದರು. ನಾನು ಸ್ಟ್ರಿಪ್ ಮೇಲೆ ಏನಾದರೂ ಹೊಡೆದು ಬರೆದರೆ ಆ ಅಂಕಿಯ ಮೇಲೆ ಬೆರಳಿಟ್ಟು, "ಇದು ನಿನ್ನನ್ನು ಬಿಟ್ಟು ಇನ್ಯಾರಿಗೆ ಗೊತ್ತು?" ಎಂದು ಕೇಳುವರು. ಪೈಲಟ್‌ಗೆ ಗೊತ್ತು ಎನ್ನುತ್ತಿದ್ದೆ. "ಇನ್ಯಾರಿಗೆ?" ಬೆರಳು ತೆಗೆಯುತ್ತಿರಲಿಲ್ಲ. ಪಕ್ಕದವರಿಗೆ ಹೇಳಿ, ಅವರು ಅದನ್ನು ತಿರುಗಿ ಹೇಳಿ, ನಾನು ಅಂಕಿಯ ಸುತ್ತ ಗೋಲ ಹಾಕಿದ ಮೇಲೆಯೇ ಬೆರಳು ಹೋಗುತ್ತಿತ್ತು. ನಿನ್ನೆಯ ಸ್ಟ್ರಿಪ್ ಮೇಲೆ 370 ಇತ್ತು. ಗೋಲ ಇರಲಿಲ್ಲ.

ಊಬರ್ಲಿಂಗನ್ ವಿಮಾನ ಡಿಕ್ಕಿ ನೆನಪಾಗುತ್ತಿದೆ. ನಮ್ಮ ಕೆಲಸದವರಿಗೆ ಅದು ಬಿಡದ ನೆನಪು. 2002ರ ಜುಲೈ 1ರ ರಾತ್ರಿ. ದಕ್ಷಿಣ ಜರ್ಮನಿಯ ಆ ಭಾಗದ ಆಕಾಶವನ್ನು ಜ್ಯೂರಿಕ್‌ನಿಂದ ನೋಡಿಕೊಳ್ಳುತ್ತಿದ್ದರು. ಕಂಟ್ರೋಲರ್ ಒಬ್ಬನೇ, ಜೊತೆಯವರು ವಿಶ್ರಾಂತಿಗೆ ಹೋಗಿದ್ದರು. ಎರಡು ಪರದೆ, ಎರಡು ಫ್ರೀಕ್ವೆನ್ಸಿ. ತಡವಾಗಿ ಇಳಿಯುತ್ತಿದ್ದ ಇನ್ನೊಂದು ವಿಮಾನಕ್ಕಾಗಿ ಫೋನ್ ಮಾಡಲು ಒದ್ದಾಡುತ್ತಿದ್ದ. ರಿಪೇರಿಗೆಂದು ಮುಖ್ಯ ಫೋನ್ ವ್ಯವಸ್ಥೆ ಬಂದ್ ಆಗಿತ್ತು, ಬದಲಿ ಲೈನ್ ಕೆಟ್ಟಿತ್ತು. 360ರಲ್ಲಿ ಎರಡು ವಿಮಾನ ಹತ್ತಿರ ಬರ್ತಿದ್ದವು. ಅವನು ಒಂದಕ್ಕೆ ಇಳಿ ಎಂದ. ಅದೇ ವಿಮಾನದೊಳಗಿನ ಟಿಕ್ಯಾಸ್, ಅಂದರೆ ಡಿಕ್ಕಿ ತಪ್ಪಿಸಲು ಎಚ್ಚರಿಸುವ ಯಂತ್ರ, ಏರು ಎಂದಿತು. ಪೈಲಟ್‌ಗಳು ಅವನ ಮಾತು ಕೇಳಿ ಇಳಿದರು. ಇನ್ನೊಂದು ತನ್ನ ಟಿಕ್ಯಾಸ್ ಮಾತು ಕೇಳಿ ಇಳಿಯಿತು. ಎರಡೂ ಡಿಕ್ಕಿ ಹೊಡೆದವು. 71 ಜನ ಹೋದರು. ಬಹಳಷ್ಟು ಮಕ್ಕಳು.

ಆಮೇಲೆ ನಿಯಮ ಬಿಗಿಯಾಯಿತು. ಟಿಕ್ಯಾಸ್ ಏರು ಎಂದರೆ ನಾವು ಏನೇ ಹೇಳಿದ್ದರೂ ಪೈಲಟ್ ಅದರ ಮಾತೇ ಕೇಳಬೇಕು. ಎಲ್ಲರೂ ನೆನಪಿಟ್ಟುಕೊಳ್ಳುವುದು ಅದನ್ನೇ. ನನಗೆ ಕಾಡುವುದು ಮಾತ್ರ ಕಾರ್ಲ್‌ಸ್ರೂಹೆ. ಪಕ್ಕದ ಕೇಂದ್ರ. ಅಲ್ಲಿನ ಕಂಟ್ರೋಲರ್‌ಗೆ ತನ್ನ ಪರದೆ ಮೇಲೆ ಎಚ್ಚರಿಕೆ ಬಂದಿತ್ತು. ಮತ್ತೆ ಮತ್ತೆ ಜ್ಯೂರಿಕ್‌ಗೆ ಫೋನ್ ಮಾಡಿದ. ಸಿಗಲೇ ಇಲ್ಲ. ಎರಡು ಚುಕ್ಕೆ ಹತ್ತಿರ ಬರುತ್ತಿರುವುದು ಕಣ್ಣೆದುರೇ ಇದೆ, ಕೈಯಲ್ಲಿ ಫೋನ್ ಇದೆ. ಆ ವಿಮಾನಗಳು ತನ್ನ ಫ್ರೀಕ್ವೆನ್ಸಿಯಲ್ಲಿ ಇಲ್ಲ. ಆ ಎರಡು ನಿಮಿಷ ಅವನು ಹೇಗೆ ಕೂತಿದ್ದ?

ನನ್ನ ಲೈನ್ ನಿನ್ನೆ ಸರಿಯಾಗೇ ಇತ್ತು. ಬಟನ್ ಒತ್ತಿದರೆ ಸಾಕಿತ್ತು. ಎಂಟು ಸೆಕೆಂಡಿನ ಮಾತು.

ಶಿಫ್ಟ್ ಮುಗಿದ ಮೇಲೆ ವರದಿ ಬರೆದು ಕೊಟ್ಟು ಬಂದೆ. ಯಾರೂ ಕೇಳಿರಲಿಲ್ಲ. ಆದರೂ ಬರೆಯಬೇಕು ಅನ್ನಿಸಿತು. ಅಂತರ ಕಡಿಮೆ ಆಗಲಿಲ್ಲ ಎಂದು ಸುಮ್ನೆ ಬಿಟ್ಟರೆ, ಹೊಸ ಹುಡುಗರಲ್ಲಿ ಯಾರಾದರೂ ಇದೇ ಜಾಗದಲ್ಲಿ, ಇದೇ ರೀತಿ ಖಾಲಿ ರಾತ್ರಿಯಲ್ಲಿ ಮರೆಯುತ್ತಾರೆ. ಟ್ರಾಫಿಕ್ ತುಂಬಿದ್ದಾಗ ನಾನು ಮರೆಯುವವಳಲ್ಲ. ಆಗ ಮೈಯೆಲ್ಲ ಕಿವಿ. ಅದನ್ನೂ ಬರೆದಿದ್ದೀನಿ.

ಈಗ ಪುಟ್ಟಿ ಶಾಲೆಯಿಂದ ಬಂದಳು. ಇನ್ನೂ ಮಲಗಿಲ್ವಾ ಎಂದಳು. ರಾತ್ರಿ ಏನಾಯಿತಮ್ಮಾ ಎಂದು ಕೇಳುವುದು ಅವಳ ಅಭ್ಯಾಸ. ಏನೂ ಆಗಲಿಲ್ಲ ಎಂದೆ. ಎಂದಿನಂತೆ ಖುಷಿಯಾಗಿ ಹೊರಟುಹೋದಳು. ಅವಳ ನಗು ನೋಡಿ ನನಗೂ ಸ್ವಲ್ಪ ಹಗುರ ಆಯಿತು.

ನಾಳೆ ರಾತ್ರಿ ಮತ್ತೆ ಪಕ್ಕದ ಸೆಕ್ಟರ್‌ನಲ್ಲಿ ಅವಳೇ ಇರುತ್ತಾಳೆ. ಆರು ವರ್ಷದಿಂದ ಅವಳ ದನಿ ಗೊತ್ತು. ಶೀತ ಆಗಿದ್ದರೆ ಗೊತ್ತಾಗುತ್ತದೆ, ಆತುರದಲ್ಲಿದ್ದರೆ ಗೊತ್ತಾಗುತ್ತದೆ. ಮುಖ ಒಮ್ಮೆಯೂ ನೋಡಿಲ್ಲ. ಆ ಲೈನ್‌ನಲ್ಲಿ ಕೆಲಸದ ಮಾತು ಬಿಟ್ಟು ಬೇರೇನೂ ಆಡುವ ಹಾಗಿಲ್ಲ. ಮೊದಲ ವಿಮಾನ ಕೊಡುವಾಗ ಒಂದು ಮಾತು ಸೇರಿಸಿಬಿಡಲಾ, ಅಥವಾ ಅವಳ ಕೇಂದ್ರದ ನಂಬರ್ ಹುಡುಕಿ, ಶಿಫ್ಟ್ ಶುರುವಾಗುವ ಮುಂಚೆಯೇ