'ದಿ ಪ್ಯಾಸೆಂಜರ್' ಗಿಟಾರ್, ಐದನೇ ವಾರ: ಕೊನೆಗೂ ಸದ್ದು ನಿಂತಿತು

ನಿನ್ನೆ ರಾತ್ರಿ ಹನ್ನೊಂದೂವರೆಗೆ ಈ ಹಾಡಿನ ಗಿಟಾರ್ ಕೈಗೆ ಸಿಕ್ಕಿತು! ನಾಲ್ಕು ನಿಮಿಷ ನಲವತ್ತನಾಲ್ಕು ಸೆಕೆಂಡ್, ಮೊದಲಿಂದ ಕೊನೆಯವರೆಗೂ ಒಂದೇ ಟೇಕ್, ಅಂದರೆ ಒಂದೇ ಸಲದ ರೆಕಾರ್ಡಿಂಗ್. ಲೂಪ್ ಹಾಕಿಲ್ಲ, ಕತ್ತರಿಸಿ ಅಂಟಿಸಿಲ್ಲ. ಹಿಂದಿನ ನಾಲ್ಕು ವಾರದ ಗೋಳು ಓದಿದವರಿಗೆ ಇದು ಎಂಥ ಸುದ್ದಿ ಅಂತ ಗೊತ್ತು.

ಹೊಸಬರಿಗೆ ಎರಡೇ ಮಾತು. ಅಮೆರಿಕದ ರಾಕ್ ಗಾಯಕ ಇಗ್ಗಿ ಪಾಪ್‌ನ 1977ರ 'ಲಸ್ಟ್ ಫಾರ್ ಲೈಫ್' ಆಲ್ಬಂನಲ್ಲಿ ಬರುವ ಈ ಹಾಡಿನ ಸಂಗೀತ ಇಗ್ಗಿಯದೂ ಅಲ್ಲ, ಆ ಆಲ್ಬಂನಲ್ಲಿ ಜೊತೆಗಿದ್ದ ಗಾಯಕ ಡೇವಿಡ್ ಬೋವಿಯದೂ ಅಲ್ಲ. ಅದು 1948ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಗಿಟಾರ್ ವಾದಕ ರಿಕಿ ಗಾರ್ಡಿನರ್ ಅವರದು. ಆಲ್ಬಂ ಬಂದ ವರ್ಷದ ವಸಂತದಲ್ಲಿ, ಹೂಬಿಟ್ಟ ಹಣ್ಣಿನ ತೋಟದ ಪಕ್ಕ ಗಿಟಾರ್ ಮೀಟುತ್ತಾ ಅಡ್ಡಾಡುವಾಗ ಈ ಕಾರ್ಡುಗಳು (ಒಟ್ಟಿಗೆ ಮೀಟುವ ಸ್ವರಗುಚ್ಛಗಳು) ತಾವಾಗೇ ಬಂದವು ಅಂತ ಅವರೇ ಹೇಳಿದ್ದಾರೆ. ಬರ್ಲಿನ್ನಿನ ಹಾನ್ಸಾ ಸ್ಟುಡಿಯೋದಲ್ಲಿ ಹಾಡಿಗೆ ಏನಾದರೂ ಇದೆಯಾ ಅಂತ ಕೇಳಿದಾಗ ಗಾರ್ಡಿನರ್ ಇದನ್ನು ಮುಂದಿಟ್ಟರು. ಇಗ್ಗಿ ಮಾತು ಬರೆದ.

ಕಾರ್ಡುಗಳು ನಿಮಗೆ ಗೊತ್ತಿರೋದೇ: ಎ ಮೈನರ್, ಎಫ್, ಸಿ, ಜಿ, ಮತ್ತೆ ಎ ಮೈನರ್, ಎಫ್, ಸಿ, ಇ. ಒಂದೊಂದಕ್ಕೆ ಎರಡೆರಡು ಎಣಿಕೆ. ಹಾಡು ಪೂರ್ತಿ ಇದೇ ಸುತ್ತು, 'ಲಾ ಲಾ ಲಾ' ಬರುವಲ್ಲಿ ಕೂಡ. ಗಿಟಾರ್ ಹಿಡಿದ ಮೂರನೇ ತಿಂಗಳಿಗೆ ಯಾರು ಬೇಕಾದರೂ ಇಷ್ಟು ನುಡಿಸುತ್ತಾರೆ. ನನ್ನ ಐದು ವಾರ ತಿಂದಿದ್ದು ಕಾರ್ಡ್ ಅಲ್ಲ. ಕಾರ್ಡಿಗೂ ಕಾರ್ಡಿಗೂ ನಡುವಿನ ಖಾಲಿ ಜಾಗ.

ಶುರುವಿನಲ್ಲಿ ಗಿಟಾರ್ ಒಂದೇ ಇರುತ್ತಲ್ಲ, ಆಗ ಮೀಟು ಬಿದ್ದಲ್ಲೇ ತಾಳ ಅಂತ ಕಿವಿ ನಂಬಿಬಿಡುತ್ತೆ. ಹಂಟ್ ಸೇಲ್ಸ್ ಬಾರಿಸುವ ಡ್ರಮ್ ಸೇರಿದ ಕೂಡಲೇ ಕಾಲಡಿಯ ನೆಲ ಜರುಗುತ್ತೆ. ತಾಳ ಬೀಳುವ ಕಡೆ ಗಿಟಾರೇ ಇಲ್ಲ! ತಾಳ ಬಿದ್ದು, ಅರ್ಧ ಎಣಿಕೆ ಕಳೆದಮೇಲೆ ಅದು ಬರುತ್ತೆ. ಆ ಅರ್ಧ ಎಣಿಕೆಯಲ್ಲಿ ತಂತಿ ಸುಮ್ಮನಿರಬೇಕು. ನನ್ನ ತಂತಿಗಳು ಸುಮ್ಮನಿರುತ್ತಿರಲಿಲ್ಲ. ಗುಂಯ್ ಅಂತ ಒಂದು ಬಾಲ ಉಳಿದೇ ಉಳಿಯುತ್ತಿತ್ತು, ಆ ಬಾಲ ಇದ್ದರೆ ಹಾಡಿನ ಕುಪ್ಪಳಿಕೆ ಸತ್ತ ಹಾಗೇ.

ಮೊದಲ ಎರಡು ವಾರ ಬಲ ಅಂಗೈಯಿಂದ ಒತ್ತಿ ತಂತಿ ನಿಲ್ಲಿಸೋಕೆ ನೋಡಿದೆ. ನಿಮಿಷಕ್ಕೆ ನೂರಮೂವತ್ತು ಎಣಿಕೆಯ ಆಸುಪಾಸಿನ ಓಟದಲ್ಲಿ ಅಂಗೈ ಇಳಿಯೋದು, ಏಳೋದು, ಮೀಟೋದು, ಮೂರೂ ಆಗಲ್ಲ. ಹತ್ತನೇ ಸುತ್ತಿಗೆ ಮಣಿಕಟ್ಟು ಬಿಗಿದುಕೊಳ್ಳುತ್ತಿತ್ತು. ಇಡೀ ಹಾಡಿಗೆ ಬೇಕಾದದ್ದು ಸುಮಾರು ನಲವತ್ತು ಸುತ್ತು.

ಮೂರನೇ ವಾರ ತಂತಿ ಅಂಗಡಿಗೆ ಬಲಿ. ನಾನು ತರಿಸಿದ್ದು 010 ಸೆಟ್ (ಅತಿ ತೆಳು ತಂತಿಯ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ). ಕವರ್ ಮೇಲೂ ಅದೇ ಇತ್ತು. ಕಟ್ಟಿ ನೋಡಿದರೆ ಇ ಕಾರ್ಡಿನ ಸ್ವರ ಪ್ರತಿ ಸಲ ಸ್ವಲ್ಪ ಮೇಲೆ ಹೋಗುತ್ತೆ, ಎಷ್ಟು ಶ್ರುತಿ ಮಾಡಿದರೂ ಅಷ್ಟೇ. ಅನುಮಾನ ಬಂದು ಅಳತೆ ಕಡ್ಡಿ ಇಟ್ಟೆ: 009! ತೆಳು ತಂತಿ ಬಿಗಿಯಾಗಿ ಒತ್ತಿದರೆ ಸ್ವರ ಏರದೆ ಇನ್ನೇನು ಮಾಡುತ್ತೆ? ಫೋಟೋ ಕಳಿಸಿದರೆ "ಸರ್, ಕಂಪನಿ ಪ್ಯಾಕಿಂಗ್, ನಾವೇನು ಮಾಡೋದು" ಅಂದರು. ಬದಲಿ ಸೆಟ್ ಬರೋಕೆ ಹನ್ನೊಂದು ದಿನ. ತಂತಿ ಮಾರುವವರಿಗೆ ತಂತಿಯ ದಪ್ಪ ಗೊತ್ತಿರಬೇಕು ಅನ್ನೋದು ಅತಿಯಾಸೆಯಾ?

ಆ ಹನ್ನೊಂದು ದಿನವೇ ನನ್ನನ್ನು ಉಳಿಸಿದ್ದು. ಗಿಟಾರ್ ಬದಿಗಿಟ್ಟು, ತೊಡೆ ಮೇಲೆ ತಾಳ ಹಾಕುತ್ತಾ ಬಾಯಲ್ಲಿ ಹೇಳಿಕೊಂಡೆ. ಚಿಕ್ಕಂದಿನಲ್ಲಿ ಸಂಗೀತದ ಪಾಠಕ್ಕೆ ಹೋದವರಿಗೆ ಅನಾಗತ ಎಡುಪು ನೆನಪಿರುತ್ತೆ: ಕೈ ಮೊದಲು ಬೀಳುತ್ತೆ, ಹಾಡು ಆಮೇಲೆ ಏಳುತ್ತೆ. ಕೈ ಬಿದ್ದ ಕ್ಷಣ ನಾವು ಉಸಿರು ಒಳಗೆ ತಗೋತೀವಿ. ಅಲ್ಲೇ ಹೊಳೆಯಿತು. ಖಾಲಿ ಜಾಗ ಅಂದರೆ ಕೈ ನಿಲ್ಲಿಸೋದಲ್ಲ. ಬಲಗೈ ತಾಳಕ್ಕೆ ಸರಿಯಾಗಿ ಕೆಳಗೆ ಹೋಗಲೇಬೇಕು, ಆದರೆ ಸತ್ತ, ಅಂದರೆ ಸ್ವರ ಹೊರಡದ, ತಂತಿಯ ಮೇಲೆ ಹೋಗಬೇಕು. ಮೇಲೆ ಬರುವಾಗ ಕಾರ್ಡ್. ತಂತಿ ಸಾಯಿಸೋ ಕೆಲಸ ಎಡಗೈಯದು.

ಕೆಲವು ತಂತಿ ಒತ್ತದೆ ಬಿಡುವ ಓಪನ್ ಕಾರ್ಡಿನಲ್ಲಿ ಇದು ಆಗೋದೇ ಇಲ್ಲ, ಬೆರಳ ಕೆಳಗೆ ಇಲ್ಲದ ತಂತಿಯನ್ನು ಎಡಗೈ ಹೇಗೆ ನಿಲ್ಲಿಸುತ್ತೆ? ಹಾಗಾಗಿ ಎಲ್ಲ ಬಾರೆ ಮಾಡಿದೆ, ಅಂದರೆ ಒಂದು ಬೆರಳನ್ನು ತಂತಿಗಳಿಗೆ ಅಡ್ಡಲಾಗಿ ಒತ್ತಿ ಹಿಡಿಯೋ ಕಾರ್ಡು. ಐದನೇ ಫ್ರೆಟ್ಟಿನಲ್ಲಿ (ಗಿಟಾರ್ ಕತ್ತಿನ ಅಡ್ಡ ಲೋಹದ ಪಟ್ಟಿ) ಎ ಮೈನರ್, ಎಂಟರಲ್ಲಿ ಎಫ್ ಮತ್ತು ಸಿ ಎರಡೂ, ಹತ್ತರಲ್ಲಿ ಜಿ, ಏಳರಲ್ಲಿ ಇ. ಬೆರಳು ಎತ್ತಬಾರದು, ಒತ್ತಡ ಮಾತ್ರ ಬಿಡಬೇಕು, ಸ್ಪಂಜಿನ ಮೇಲೆ ಕೈ ಇಟ್ಟ ಹಾಗೆ. ತಂತಿ ಫ್ರೆಟ್ಟಿನಿಂದ ಕೂದಲೆಳೆಯಷ್ಟು ಮೇಲೆದ್ದರೆ ಸಾಕು, ಸದ್ದು ಅಲ್ಲೇ ನಿಲ್ಲುತ್ತೆ. ಮೊದಲ ಸಲ ಎಂಟೂ ಕಾರ್ಡು ಹಾಗೆ ಬಂದಾಗ ಕೋಣೆಯಲ್ಲಿ ಒಬ್ಬನೇ ಜೋರಾಗಿ ನಕ್ಕೆ.

ಇದಾದ ಮೇಲೆ ಗಾರ್ಡಿನರ್ ಬಗ್ಗೆ ನನ್ನ ಗೌರವ ಎರಡು ಪಟ್ಟಾಗಿದೆ. ಈ ಮನುಷ್ಯ ಬೆಗ್ಗರ್ಸ್ ಆಪೆರಾ ಎಂಬ ಸ್ಕಾಟಿಷ್ ಪ್ರೋಗ್ರೆಸ್ಸಿವ್ ರಾಕ್ ತಂಡದವರು. ಅವರ 1970ರ ಆಲ್ಬಂ 'ಆಕ್ಟ್ ಒನ್' ಕೇಳಿ, ಅಲ್ಲಿ ಸ್ವರಗಳು ಮಳೆಯ ಹಾಗೆ ಸುರಿಯುತ್ತವೆ. ಅಷ್ಟೆಲ್ಲ ಬೆರಳಲ್ಲಿದ್ದವರು ಬೇರೆಯವರ ಹಾಡಿಗೆ ಕೂತಾಗ ಅರ್ಧ ಎಣಿಕೆ ಬಿಟ್ಟುಕೊಟ್ಟರು. ಸೆಷನ್ ಗಿಟಾರ್ ಅಂದರೆ ನನಗೆ ಇದೇ. ಕಂಪ್ಯೂಟರ್‌ಗಳ ಒಡನಾಟದಿಂದ ವಿದ್ಯುತ್ಕಾಂತೀಯ ಕ್ಷೇತ್ರಗಳನ್ನೇ ತಡೆಯಲಾಗದಂತಾಯಿತು ಅಂತ ಮುಂದೆ ಅವರು ಹೇಳಿಕೊಂಡಿದ್ದರು. ನನ್ನ ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ ಸುರುಳಿ) ಅಂಥ ಕ್ಷೇತ್ರ ಹಿಡಿದು ಗುಂಯ್‌ಗುಡೋದನ್ನು ಕಡಿಮೆ ಮಾಡೋಕೆ ಕುರ್ಚಿಯನ್ನು ಕಂಪ್ಯೂಟರ್ ಮಾನಿಟರ್‌ನಿಂದ ಆಚೆ ತಿರುಗಿಸುವಾಗಲೆಲ್ಲ ಅದು ನೆನಪಾಗುತ್ತೆ. 2022ರ ಮೇ ತಿಂಗಳಲ್ಲಿ ತೀರಿಕೊಂಡರು, ಪಾರ್ಕಿನ್ಸನ್ಸ್ ಇತ್ತು. ಅಂಥ ನಿಖರ ಬಲಗೈಗೆ ಆ ಕಾಯಿಲೆ ಬಂತಲ್ಲ ಅಂತ ಹೊಟ್ಟೆ ಉರಿಯುತ್ತೆ.

ಮುಂದಿನದು ಈಗಲೇ ತಲೆಯಲ್ಲಿ ಕೂತಿದೆ: ಬೋವಿಯ 'ಲೋ' ಆಲ್ಬಂನ 'ಆಲ್ವೇಸ್ ಕ್ರ್ಯಾಷಿಂಗ್ ಇನ್ ದಿ ಸೇಮ್ ಕಾರ್', ಅದರ ಕೊನೆಯ ಸೋಲೋ. ಅದೂ ಗಾರ್ಡಿನರ್ ಅವರದೇ. 1976ರಲ್ಲಿ ಫ್ರಾನ್ಸಿನ ಎರೂವಿಲ್ ಕೋಟೆಮನೆಯಲ್ಲಿ ಆ ಆಲ್ಬಂ ಕೆಲಸ ಶುರುವಾಗಿದ್ದು. ಅದಕ್ಕೆ ಆ ಆಲ್ಬಂನ ನಿರ್ಮಾಪಕ ಟೋನಿ ವಿಸ್ಕಾಂಟಿ ಡ್ರಮ್ಮಿಗೆ ಬಳಸಿದ, ಸ್ವರದ ಎತ್ತರ ಬದಲಿಸುವ ಈವೆಂಟೈಡ್ ಎಚ್910 ಹಾರ್ಮನೈಸರ್ ಯಂತ್ರದ ಸದ್ದೂ ಬೇಕು, ಏಟು ಬಿದ್ದಮೇಲೆ ಸ್ವರ ಕೆಳಕ್ಕೆ ಜಾರುತ್ತಲ್ಲ, ಅದು. ಅದರ ಸಾಫ್ಟ್‌ವೇರ್ ಪ್ಲಗಿನ್ನಿನ ಟ್ರಯಲ್ ಇಳಿಸಿಟ್ಟಿದ್ದೇನೆ, ಇನ್ನು ಹದಿಮೂರು ದಿನ ಇದೆ.

ಅದಕ್ಕೆ ಮೊದಲು ಇದೊಂದು ಮುಗಿಯಬೇಕು. ನಿನ್ನೆಯ ಟೇಕಿನಲ್ಲಿ ಮೂವತ್ತೊಂದನೇ ಸುತ್ತಿನ ಇ ಕಾರ್ಡಿಗೆ ಸಣ್ಣ ಬಾಲ ಉಳಿದಿದೆ. ಬೆಳಿಗ್ಗೆ ಹೆಡ್‌ಫೋನಿನಲ್ಲಿ ಕೇಳಿದಾಗ ಗೊತ್ತಾಯಿತು. ಭಾನುವಾರ ಮತ್ತೆ ಕೂರುತ್ತೇನೆ, ನಲವತ್ತು ಸುತ್ತೂ ಮೊದಲಿಂದ.