ತಕಯಾಮದ ಎರಡು ಹಳೆಯ ವರ್ತಕರ ಮನೆಗಳು: ಹೋಗುವ ಮುನ್ನ

ಜಪಾನಿನ ತಕಯಾಮ ಊರಿಗೆ ಹೋದವರಲ್ಲಿ ಹೆಚ್ಚಿನವರು ಹಳೆಯ ಮನೆಗಳ ಸಾಲಿರುವ ಸಾನ್‌ಮಾಚಿ ಬೀದಿಯಲ್ಲಿ ಫೋಟೊ ತೆಗೆದು ವಾಪಸಾಗುತ್ತಾರೆ. ಅಲ್ಲಿ ಕಾಣುವುದು ಬಹುಮಟ್ಟಿಗೆ ಮನೆಗಳ ಮುಂಭಾಗ ಮಾತ್ರ. ಒಳಗಿನ ಮರಗೆಲಸ ನೋಡಬೇಕಾದರೆ ಎನಾಕೊ ಹೊಳೆ ದಾಟಿ ಉತ್ತರಕ್ಕೆ, ಓಶಿನ್‌ಮಾಚಿಗೆ ಬನ್ನಿ. ಕುಸಾಕಾಬೆ, ಯೋಶಿಜಿಮಾ ಮನೆಗಳು ಅಲ್ಲಿ ಅಕ್ಕಪಕ್ಕದಲ್ಲೇ ಇವೆ. ರೈಲು ನಿಲ್ದಾಣದಿಂದ ಸುಮಾರು 20 ನಿಮಿಷದ ನಡಿಗೆ.

ನಗೋಯಾದಿಂದ ‘ಹಿದಾ’ ಎಕ್ಸ್‌ಪ್ರೆಸ್ ರೈಲಿಗೆ ಎರಡೂವರೆ ಗಂಟೆ ಹಿಡಿಯುತ್ತದೆ. ಹೊರಡುವಾಗ ಸೀಟುಗಳು ಹಿಂದಕ್ಕೆ ಮುಖ ಮಾಡಿರುತ್ತವೆ. ಗಾಬರಿಯಾಗಿ ತಿರುಗಿಸಲು ಹೋಗಬೇಡಿ. ಗಿಫುವಿನಲ್ಲಿ ರೈಲು ದಿಕ್ಕು ಬದಲಿಸಿದ ಮೇಲೆ ಎಲ್ಲ ಸರಿಹೋಗುತ್ತದೆ.

ಮೊದಲು ಕುಸಾಕಾಬೆ ನೋಡಿ. 1875ರ ಬೆಂಕಿಯಲ್ಲಿ ಸುಟ್ಟದ್ದನ್ನು 1879ರಲ್ಲಿ ಬಡಗಿ ಕವಾಜಿರಿ ಜಿಸುಕೆ ಮತ್ತೆ ಕಟ್ಟಿದ. ದಪ್ಪ ತೊಲೆ, ತಗ್ಗಿದ ಸೂರು, ಗಟ್ಟಿಮುಟ್ಟಾದ ಮನೆ. ಆಮೇಲೆ ಯೋಶಿಜಿಮಾ. ಇದು ಸಾಕೆ ಮದ್ಯ ತಯಾರಿಸುತ್ತಿದ್ದವರದು. 1905ರ ಬೆಂಕಿಯ ನಂತರ 1907ರಲ್ಲಿ ನಿಶಿದಾ ಇಸಾಬುರೊ ಕಟ್ಟಿದ್ದು. ಒಳಹೊಕ್ಕ ತಕ್ಷಣ ಮುಂದೆ ನಡೆಯದೆ, ಮಣ್ಣು ನೆಲದ ಮೇಲೆ ನಿಂತು ತಲೆಯೆತ್ತಿ. ಅಟ್ಟವಿಲ್ಲ. ಅಡ್ಡತೊಲೆಗಳ ಮೇಲೆ ಗಿಡ್ಡ ಕಂಬಗಳು, ಅವುಗಳ ಮೇಲೆ ಮತ್ತೆ ತೊಲೆಗಳು, ಹೀಗೆಯೇ ಮಾಡಿನವರೆಗೂ. ಮೇಲಿನ ಕಿಟಕಿಯ ಬೆಳಕು ನುಣುಪಾದ ಮರದ ಮೇಲೆ ಜಾರಿ ಇಳಿಯುತ್ತದೆ. ಮೋಡದ ದಿನ ಇದರ ಅರ್ಧ ಸೊಬಗೂ ಸಿಗದು. ಮಳೆಯಿದ್ದರೆ ಭೇಟಿಯನ್ನು ಮರುದಿನಕ್ಕೆ ಹಾಕಿ. ಎರಡು ಮನೆಗಳನ್ನು ತಿರುವುಮುರುವಾಗಿ ನೋಡಿದರೆ, ಯೋಶಿಜಿಮಾದ ನಾಜೂಕಿನ ಮುಂದೆ ಕುಸಾಕಾಬೆ ಬರೀ ಒರಟು ಅನ್ನಿಸಿಬಿಡುತ್ತದೆ.

ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಹಲಗೆ ನೆಲ ಮೈ ಕೊರೆಯುವಷ್ಟು ತಣ್ಣಗಿರುತ್ತದೆ, ಅದರಲ್ಲೂ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಳ್ಳಿ, ಲೇಸ್ ಕಟ್ಟುವ ಬೂಟು ಬೇಡ. ಬೆನ್ನಿನ ಚೀಲವನ್ನು ನಿಲ್ದಾಣದ ಲಾಕರ್‌ನಲ್ಲಿಡಿ. ತಿರುಗುವಾಗ ಅದು ಕಾಗದದ ಜಾರುಬಾಗಿಲಿಗೆ ತಗುಲಿದರೆ ಹರಿಯುವುದು ಖಚಿತ. ಲಾಕರ್‌ಗೆ 100 ಯೆನ್ ನಾಣ್ಯಗಳಿರಲಿ, ಟಿಕೆಟ್‌ಗೂ ನಗದು ಇಟ್ಟುಕೊಳ್ಳಿ. ಹೊಸ್ತಿಲನ್ನೂ ತತಾಮಿ ಚಾಪೆಯ ಬಟ್ಟೆಯ ಅಂಚನ್ನೂ ತುಳಿಯಬಾರದು.

ಮಂಗಳವಾರ ಬೇಡ, ಚಳಿಗಾಲದಲ್ಲಿ ರಜೆಗಳೂ ಹೆಚ್ಚು. ಮನೆಗಳು ತೆರೆದಿರುತ್ತವೆಯೇ ಎಂದು ಹಿಂದಿನ ದಿನ ಹೋಟೆಲಿನವರಿಂದ ಫೋನ್ ಮಾಡಿಸಿ. ಏಪ್ರಿಲ್ 14-15, ಅಕ್ಟೋಬರ್ 9-10 ಜಾತ್ರೆಯ ದಿನಗಳು, ಕೋಣೆ ಸಿಗುವುದೇ ಕಷ್ಟ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಇಲ್ಲಿ ಎಲ್ಲೆಲ್ಲೂ ಈ ಸೀಮೆಯ ಹಿದಾ ಗೋಮಾಂಸ, ಸೋಬಾ ನೂಡಲ್ಸ್‌ನ ಸಾರಿನಲ್ಲೂ ಸಾಮಾನ್ಯವಾಗಿ ಮೀನಿನ ರಸವಿರುತ್ತದೆ. ಚೀಲದಲ್ಲಿ ಒಗ್ಗರಣೆ ಅವಲಕ್ಕಿ ಇಟ್ಟುಕೊಂಡೇ ಹೊರಡಿ.